ಕುಯಿಕ್ಕಾ ತಂಡದ ಕೊನೆಯ ಹೆಸರು

ಪಾರ್ವತೆವ್ವನವರು ಐಸ್ ಮಷೀನು ಓಡಿಸುತ್ತಾರೆ ಎಂದು ಲಂಡನ್ನಿನ ನಮ್ಮ ಕನ್ನಡ ಕೂಟದಲ್ಲಿ ಯಾರೋ ಹೇಳಿದಾಗ, ಐಸ್‌ಕ್ರೀಮ್ ಮಾಡುವ ಯಂತ್ರವಿರಬೇಕು ಅಂದುಕೊಂಡಿದ್ದೆ. ಆಮೇಲೆ ಒಂದು ಸಲ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಪಾರ್ಕ್ ರಾಯಲ್‌ನ ಗೋದಾಮುಗಳ ಹಿಂದಿರುವ ಹಳೆಯ ಐಸ್ ರಿಂಕಿಗೆ ಹೋದಾಗ ಕಣ್ಣಾರೆ ಕಂಡೆ. ಮಕ್ಕಳು ಸ್ಕೇಟ್ ಹಾಕಿಕೊಂಡು ಗೀಚಿ ಗೀಚಿ ಹಾಳು ಮಾಡಿದ್ದ ಮಂಜುಗಡ್ಡೆಯ ಮೇಲೆ ಟ್ರ್ಯಾಕ್ಟರಿನಂಥ ದೊಡ್ಡ ಗಾಡಿಯೊಂದು ಬಂತು. ಎತ್ತರದ ಸೀಟಿನ ಮೇಲೆ ಹಣೆಗೆ ವಿಭೂತಿ, ತಲೆಗೆ ಉಣ್ಣೆ ಟೋಪಿ, ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿಕೊಂಡು ಪಾರ್ವತೆವ್ವ ಕೂತಿದ್ದರು. ಗಾಡಿ ಮೇಲ್ಪದರವನ್ನು ಹೆರೆದುಕೊಂಡು ಹಿಂದೆ ಬಿಸಿನೀರು ಸುರಿಸುತ್ತಾ ಹೋಯಿತು. ಹೋದ ದಾರಿಯುದ್ದಕ್ಕೂ ಐಸು ಕನ್ನಡಿಯಾಯಿತು.

ಅವತ್ತು ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾ ನಾನು ಕೇಳಿದೆ, "ಇಷ್ಟು ಚಳೀಲಿ ಹೇಗೆ ಕೆಲಸ ಮಾಡ್ತೀರಿ ಪಾರ್ವತೆವ್ವನವರೆ?"

"ಚಳಿ ರೂಢಿ ಆಗೈತ್ರಿ ಇಂದೂ ಅಕ್ಕಾರ. ನನಗ ನೀರಿಂದ ಹೆದರಿಕಿ. ಇದು ನೀರಲ್ಲ, ಕಲ್ಲು ಅಂತ ಮನಸಿಗೆ ಹೇಳ್ಕೊಂಡು ಮಷೀನ ಹತ್ತತೀನಿ."

ನೀರಿನ ಹೆದರಿಕೆಗೆ ಕಾರಣವಿತ್ತು. ಅವರ ತವರು ಕೃಷ್ಣೆಯ ದಂಡೆಯ ಮೇಲಿನ ಒಂದು ಸಣ್ಣ ಊರು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ನೀರು ಒಮ್ಮೆಗೇ ನುಗ್ಗಿ ಬರಲಿಲ್ಲ. ಮೊದಲು ಹೊಲದ ಬದುವಿಗೆ ಬಂತು, ಆಮೇಲೆ ಊರ ಸುತ್ತಲಿನ ಹಾಳಗೋಡೆಯ ಬುಡಕ್ಕೆ, ಆಮೇಲೆ ಬೀದಿಗೆ. ಜನ ಮನೆಯ ತೊಲೆ, ಕಂಬ, ಬಾಗಿಲುಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಎತ್ತರದ ಪುನರ್ವಸತಿ ಕೇಂದ್ರಕ್ಕೆ ಹೋದರು. ಪಾರ್ವತೆವ್ವನ ತಮ್ಮ ದಾನಯ್ಯನಿಗೆ ಆಗ ಹತ್ತೊಂಬತ್ತು. ಎಲ್ಲ ಸಾಗಿಸಿದ ಮೇಲೆ ತಲೆಬಾಗಿಲಿನ ಚೌಕಟ್ಟು ಒಂದು ಉಳಿಯಿತು. ಅಜ್ಜ ಮಾಡಿಸಿದ ತೇಗದ ಚೌಕಟ್ಟು. ಅದನ್ನು ತರುತ್ತೇನೆಂದು ಹರಿಗೋಲಿನಲ್ಲಿ ಹೋದವನು ತಿರುಗಿ ಬರಲಿಲ್ಲ. ಹರಿಗೋಲು ಸಿಕ್ಕಿತು. ಚೌಕಟ್ಟೂ ಮೂರು ದಿನದ ಮೇಲೆ ತೇಲಿ ಬಂತು. ದಾನಯ್ಯ ಮಾತ್ರ ಸಿಗಲಿಲ್ಲ. ಅವರದು ಮಠದ ಮನೆತನ. ಊರಿನಲ್ಲಿ ಯಾರು ತೀರಿಕೊಂಡರೂ ಮಣ್ಣು ಕೊಡುವಾಗ ಅವರ ಮನೆಯವರೇ ಮುಂದೆ ನಿಲ್ಲಬೇಕು. ಸ್ವಂತ ಮಗನಿಗೆ ಒಂದು ಹಿಡಿ ಮಣ್ಣು ಹಾಕಲಾಗಲಿಲ್ಲವೆಂಬ ಕೊರಗಿನಲ್ಲೇ ಅವರ ತಂದೆ ಹೋದರು.

ಗಂಡ ಕಲ್ಲಯ್ಯನವರು ವಿಜಯಪುರದ ಖಾನಾವಳಿಯೊಂದರಲ್ಲಿ ಅಡುಗೆ ಮಾಡುತ್ತಿದ್ದವರು. ವೆಂಬ್ಲಿಯ ಹೋಟೆಲಿಗೆ ಕೆಲಸಕ್ಕೆ ಬಂದರು. ಈಗ ಪಾರ್ಕ್ ರಾಯಲ್‌ನ ಚಪಾತಿ ಫ್ಯಾಕ್ಟರಿಯಲ್ಲಿದ್ದಾರೆ. ಮಗಳು ಸಾನ್ವಿ ಅಕ್ಸ್‌ಬ್ರಿಡ್ಜ್‌ನಲ್ಲಿ ಓದುತ್ತಾಳೆ. ಪಾರ್ವತೆವ್ವ ಮೊದಲು ರಿಂಕಿನಲ್ಲಿ ಬಾಡಿಗೆ ಸ್ಕೇಟ್ಸ್ ಕೊಡುವ ಕೌಂಟರಿನಲ್ಲಿದ್ದರು. ಮಷೀನಿನ ಡ್ರೈವರ್ ಬಿಟ್ಟು ಹೋದಾಗ "ಹೊಲದಾಗ ಟ್ರ್ಯಾಕ್ಟರ್ ಹೊಡದಾಕಿ ನಾನು" ಎಂದು ಮುಂದೆ ಬಂದು ಕೆಲಸ ಕಲಿತರು.

ಆ ರಿಂಕಿನಲ್ಲಿ ಭಾನುವಾರ ಮಧ್ಯಾಹ್ನ ಆಡುವುದು ಕುಯಿಕ್ಕಾ ಎಂಬ ಹೆಸರಿನ ಐಸ್ ಹಾಕಿ ತಂಡ. ಹೆಚ್ಚಿನವರು ಲಂಡನ್ನಿನಲ್ಲಿ ನೆಲೆಸಿದ ಫಿನ್ಲೆಂಡಿನ ಹುಡುಗರು. ಆಟವಿದ್ದಾಗಲೆಲ್ಲ ಐಲಾ ಎಂಬ ಮುದುಕಿ ಬಂದು ಕಟಕಟೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದಳು. ಎಂಬತ್ತು ದಾಟಿದ ಹೆಂಗಸು, ನರ್ಸಾಗಿ ನಿವೃತ್ತಳಾದವಳು, ಹಾಲು ಹಾಕದ ಕಾಫಿಯನ್ನು ಫ್ಲಾಸ್ಕಿನಲ್ಲಿ ತಂದುಕೊಂಡು ಇಡೀ ಆಟ ಕೂತು ನೋಡುವವಳು. ಪಾರ್ವತೆವ್ವ ಒಮ್ಮೆ ತಮ್ಮ ಬುತ್ತಿಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ಐಲಾ ರೊಟ್ಟಿಯನ್ನು ಮುರಿದು ಕಿವಿಯ ಹತ್ತಿರ ಹಿಡಿದು ಆ ಸದ್ದು ಕೇಳಿ ನಕ್ಕಳು. ಅವರ ಕಡೆಯೂ ಹೀಗೇ ಒಣಗಿದ ರೊಟ್ಟಿಯಂತೆ, ರೈ ಹಿಟ್ಟಿನದು, ತಿಂಗಳುಗಟ್ಟಲೆ ಇಡುತ್ತಾರಂತೆ. ಅಲ್ಲಿಂದ ಸ್ನೇಹ ಬೆಳೆಯಿತು. ಇಬ್ಬರದೂ ಅರೆಬರೆ ಇಂಗ್ಲಿಷು, ಆದರೂ ಮಾತಿಗೆ ಕೊರತೆಯಿರಲಿಲ್ಲ.

ತಂಡದ ಕತೆಯನ್ನು ಪಾರ್ವತೆವ್ವನಿಗೆ ಹೇಳಿದವಳು ಅವಳೇ.

ಕುಯಿಕ್ಕಾ ಎನ್ನುವುದು ಫಿನ್ಲೆಂಡಿನ ಸರೋವರಗಳಲ್ಲಿ ಮುಳುಗಿ ಮೀನು ಹಿಡಿಯುವ ಕಪ್ಪು ಬಿಳಿ ಹಕ್ಕಿ. ಸಂಜೆ ಅದು ಕೂಗಿದರೆ ಹೆಂಗಸು ಅತ್ತ ಹಾಗೆ ಕೇಳುತ್ತದೆ. ಐಲಾಳ ಊರು ಅಂಥ ಒಂದು ಸರೋವರದ ದಡದಲ್ಲಿತ್ತು. ಊರಿಗೆಲ್ಲ ಮರ ಕೊಯ್ಯುವ ಒಂದೇ ಸಾಮಿಲ್ಲು. ಯುದ್ಧ ಮುಗಿದು ಮನೆಗೆ ಬಂದ ಮಿಲ್ಲಿನ ಹುಡುಗರು ಚಳಿಗಾಲದಲ್ಲಿ ಮಾಡಲು ಕೆಲಸವಿಲ್ಲದೆ, ಹೆಪ್ಪುಗಟ್ಟಿದ ಸರೋವರದ ಮೇಲೆ ಹಾಕಿ ಆಡತೊಡಗಿದರು. ಮಿಲ್ಲಿನ ಹಲಗೆಗಳನ್ನೇ ನಿಲ್ಲಿಸಿ ಸುತ್ತ ಕಟಕಟೆ ಮಾಡಿದರು. ಹೆಂಗಸರು ಕಪ್ಪು ಬಿಳಿ ಉಣ್ಣೆಯಲ್ಲಿ ಅಂಗಿ ಹೆಣೆದರು. ಪಕ್ಕದೂರಿನ ತಂಡಗಳು ಕುದುರೆ ಜಾರುಬಂಡಿಯಲ್ಲಿ ಬಂದು ಆಡಿ, ಸೋತು ಹೋಗುತ್ತಿದ್ದವು. ಕುಯಿಕ್ಕಾ ಸೋಲದಿರಲು ಕಾರಣ ಅದರ ಗೋಲ್‌ಕೀಪರ್ ಆರ್ವೊ. ಐಲಾಳ ಅಣ್ಣ.

ಸಾವಿರದ ಒಂಬೈನೂರ ಐವತ್ತೆಂಟರ ಮಾರ್ಚಿ. ಬಿಸಿಲು ಸ್ವಲ್ಪ ಬಲಿತಿತ್ತು. ಋತುವಿನ ಕೊನೆಯ ಪಂದ್ಯ. ಆಡುವ ಚೆಂಡಿಗೆ, ಅಂದರೆ ಆ ಚಪ್ಪಟೆ ರಬ್ಬರ್ ಬಿಲ್ಲೆಗೆ, ಪಕ್ ಅನ್ನುತ್ತಾರೆ. ಅದು ಹಲಗೆಯ ಮೇಲಿಂದ ಹಾರಿ ಆಚೆ ಬಿತ್ತು. ಮರದ ದಿಮ್ಮಿಗಳನ್ನು ನೀರಿಗೆ ಇಳಿಸುತ್ತಿದ್ದ ಕಡೆ ಐಸು ತೆಳುವಾಗಿತ್ತು. ಆರ್ವೊ ಪಕ್ ತರಲು ಹೋದ. ಕಾಲಿಗೆ ಕಟ್ಟಿದ ದಪ್ಪ ಪ್ಯಾಡುಗಳೊಂದಿಗೆ ಹಾಗೇ ಕೆಳಗಿಳಿದುಬಿಟ್ಟ. ಕೂಗಿಕೊಳ್ಳಲೂ ಇಲ್ಲ. ದಡದಲ್ಲಿ ನಿಂತಿದ್ದ ಐಲಾ ನೋಡುತ್ತಿದ್ದಳು, ಹದಿನಾರರ ಹುಡುಗಿ. "ಮಂಜು ಕರಗಿದ ಮೇಲೆ ಬೇಸಿಗೆ ಪೂರ್ತಿ ದೋಣಿಯಲ್ಲಿ ಹುಡುಕಿದರು" ಎಂದಳಂತೆ, "ಸಿಗಲಿಲ್ಲ."

ಮುಂದಿನ ವರ್ಷ ತಂಡ ಆಡಲಿಲ್ಲ. ಅದರ ಮುಂದಿನ ವರ್ಷ ಶಾಲೆಯ ಅಂಗಳಕ್ಕೆ ನೀರು ಹಾಯಿಸಿ ಐಸು ಮಾಡಿ ಆಡಿದರು, ಸರೋವರದ ಮೇಲೆ ಮತ್ತೆಂದೂ ಕಾಲಿಡಲಿಲ್ಲ. ಆಗಲೇ ಒಂದು ಪದ್ಧತಿ ಶುರುವಾಯಿತು. ಆಟ ಮುಗಿದ ಮೇಲೆ ಕ್ಯಾಪ್ಟನ್ ಗೇಟಿನ ಬಳಿ ನಿಂತು ಒಬ್ಬೊಬ್ಬರ ಹೆಸರು ಕರೆಯಬೇಕು. ಹೆಸರು ಕರೆದವನು ಐಸಿನಿಂದ ಇಳಿಯಬೇಕು. ಎಲ್ಲರೂ ಇಳಿದ ಮೇಲೆ ಕೊನೆಯದಾಗಿ "ಆರ್ವೊ" ಎಂದು ಕರೆದು, ಸ್ವಲ್ಪ ಹೊತ್ತು ಕಾದು, ಗೇಟು ಮುಚ್ಚಬೇಕು. ಎಪ್ಪತ್ತರ ದಶಕದಲ್ಲಿ ಮಿಲ್ಲು ಮುಚ್ಚಿತು, ಜನ ಚದುರಿದರು. ಊರಿನ ತಂಡ ದೊಡ್ಡ ಪಟ್ಟಣದ ತಂಡದಲ್ಲಿ ಕರಗಿ ಹೆಸರೂ ಅಳಿಯಿತು. ಲಂಡನ್ನಿಗೆ ಬಂದ ಐದಾರು ಮಂದಿ ಮಾತ್ರ ಇಲ್ಲಿ ಅದೇ ಹೆಸರಿನಲ್ಲಿ ಆಟ ಮುಂದುವರಿಸಿದರು. ಈಗಿನ ಹುಡುಗರು ಯಾರೂ ಆ ಊರು ನೋಡಿದವರಲ್ಲ. ಆದರೂ ಪ್ರತಿ ಆಟದ ಕೊನೆಗೆ ಆರ್ವೊನನ್ನು ಕರೆಯುತ್ತಾರೆ.

ಕತೆ ಕೇಳಿದ ಪಾರ್ವತೆವ್ವ ತಮ್ಮ ದಾನಯ್ಯನ ವಿಷಯ ಹೇಳಿದರು. ಐಲಾ ಅವರ ಕೈಹಿಡಿದು ಕೂತಳು.

ಇನ್ನೊಂದು ಪದ್ಧತಿ ಐಲಾಳದೇ. ಊರಿನಲ್ಲಿ ಉಳಿದ ಸಂಬಂಧಿಯೊಬ್ಬಳು ಪ್ರತಿ ಬೇಸಿಗೆ ಆ ಸರೋವರದ ನೀರನ್ನು ಬಾಟಲಿಯಲ್ಲಿ ತುಂಬಿ ಕಳಿಸುತ್ತಿದ್ದಳು. ಸೆಪ್ಟೆಂಬರಿನಲ್ಲಿ ಆಟ ಶುರುವಾಗುವ ದಿನ ಐಲಾ ಅದನ್ನು ಗೋಲಿನ ಮುಂದೆ ಒಂದಿಷ್ಟು ಚಿಮುಕಿಸುತ್ತಿದ್ದಳು. ಹೋದ ವರ್ಷ ಅವಳಿಗೆ ಮಂಡಿ ನೋವು, ಐಸಿನ ಮೇಲೆ ನಡೆಯಲಾಗಲಿಲ್ಲ. ಬಾಟಲಿಯನ್ನು ಪಾರ್ವತೆವ್ವನ ಕೈಗೆ ಕೊಟ್ಟು, "ನಿನ್ನ ಮಷೀನಿನ ಟ್ಯಾಂಕಿಗೇ ಸುರಿದುಬಿಡು" ಎಂದಳು. ಪಾರ್ವತೆವ್ವ ಸುರಿದರು. ಆ ನೀರು ಬಿಸಿನೀರಿನಲ್ಲಿ ಬೆರೆತು ಇಡೀ ರಿಂಕಿನ ಮೇಲೆ ಪದರವಾಗಿ ಹೆಪ್ಪುಗಟ್ಟಿತು.

ಮಾರನೆಯ ಬೆಳಿಗ್ಗೆ ರಿಂಕಿನ ಬಾಗಿಲು ತೆಗೆದಾಗ ಮೊದಲ ಸದ್ದು ಕೇಳಿದ್ದು.

"ದೊಡ್ಡ ಹಂಡೇದ ತಳಾ ಯಾರೋ ಒಳಗಿಂದ ಬಡದಂಗ್ರಿ. ಒಂದ ಸಲ. ಆಮ್ಯಾಲ ಆ ಸದ್ದು ಒಳಗೊಳಗ ಓಡ್ತು, ಈ ಕಡಿಂದ ಆ ಕಡಿಗೆ."

ಅವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಮತ್ತೆ ಬಂತು. ಪೈಪು ನೋಡುವ ಮೆಕ್ಯಾನಿಕ್ಕನ್ನು ಕರೆಸಿದರೆ ಅವನು ಎಲ್ಲ ಪರೀಕ್ಷೆ ಮಾಡಿ, ಏನೂ ದೋಷವಿಲ್ಲ ಎಂದು ಹೋದ. ಐಸು ಇರುವುದು ಎರಡು ಅಂಗುಲ ದಪ್ಪ. ಅದರ ಕೆಳಗೆ ಕಾಂಕ್ರೀಟು, ಕಾಂಕ್ರೀಟಿನಲ್ಲಿ ತಂಪು ಹರಿಯುವ ಪೈಪು. ಓಡಾಡಲು ಆ ಸದ್ದಿಗೆ ಜಾಗವೆಲ್ಲಿ? ಭಾನುವಾರ ಐಲಾ ಬಂದಳು. ಬೆಂಚಿನಲ್ಲಿ ಕೂತು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದವಳು, ಸದ್ದು ಬಂದದ್ದೇ ಕೈ ನಿಲ್ಲಿಸಿದಳು.

"ಇದು ಸರೋವರದ ಹಾಡು" ಎಂದಳು. "ಕೆಳಗೆ ತುಂಬ ಆಳ ಇದ್ದಾಗ ಮಾತ್ರ ಐಸು ಹೀಗೆ ಹಾಡುತ್ತೆ."

ಮನೆಯಲ್ಲಿ ರೊಟ್ಟಿ ಬಡಿಯುತ್ತಾ ಪಾರ್ವತೆವ್ವ ಗಂಡನಿಗೆ ಹೇಳಿದರು. ಕಲ್ಲಯ್ಯನವರು, "ಪೈಪಿನ್ಯಾಗ ಗಾಳಿ ಹೊಕ್ಕಿರಬೇಕು ತಗೊ" ಎಂದರು. ಸಾನ್ವಿ ಫೋನಿನಿಂದ ತಲೆಯೆತ್ತದೆ, "ಇಟ್ಸ್ ದ ಕಂಪ್ರೆಸರ್, ಅಮ್ಮಾ" ಎಂದಳು.

ಅಕ್ಟೋಬರಿನಲ್ಲಿ ದೂರದ ಗೋಲಿನ ಮುಂದೆ ಒಂದು ಕಪ್ಪು ಕಲೆ ಕಾಣಿಸಿತು. ರಿಂಕಿನ ಐಸು ಬೆಳ್ಳಗೆ ಕಾಣುವುದು ಅದರೊಳಗೆ ಬಿಳಿ ಬಣ್ಣ ಹಾಕಿರುವುದರಿಂದ. ಬಣ್ಣ ಹೋಗಿದೆಯೆಂದು ಪಾರ್ವತೆವ್ವ ಅಷ್ಟು ಜಾಗ ಹೆರೆದು, ಹೊಸ ಬಣ್ಣ ಹಾಕಿ, ನೀರು ಹಾಯಿಸಿದರು. ಎರಡು ದಿನಕ್ಕೆ ಮತ್ತೆ ಅದೇ ಕಪ್ಪು, ಮೊದಲಿಗಿಂತ ಅಗಲ. ಒಂದು ಬೆಳಿಗ್ಗೆ ಅವರು ಅಲ್ಲಿ ಮಂಡಿಯೂರಿ, ಮೇಲಿನ ಪುಡಿಮಂಜನ್ನು ಕೈಗವಸಿನಿಂದ ಒರೆಸಿ ಬಗ್ಗಿ ನೋಡಿದರು.

ಕಾಂಕ್ರೀಟು ಕಾಣಲಿಲ್ಲ. ಹಸಿರು ಮಿಶ್ರಿತ ಕಪ್ಪು ನೀರು, ಕೆಳಗಿಳಿದಷ್ಟೂ ಕಪ್ಪು. ಮೇಲಿನ ದೀಪದ ಬೆಳಕು ಒಂದಾಳು ಆಳದ ತನಕ ಹೋಗಿ ನಿಂತಿತ್ತು. ಎಲ್ಲಿಂದಲೋ ಒಂದು ಕಸ ಬಂದು ನಿಧಾನವಾಗಿ ಹಾದು ಹೋಯಿತು. ಅದು ಜೋಳದ ರವದಿಯಂತೆ, ದಂಟಿನ ಒಣಗಿದ ಎಲೆಯಂತೆ, ಅವರಿಗೆ ಕಂಡಿತು. ಫಿನ್ಲೆಂಡಿನ ಸರೋವರದಲ್ಲಿ ಜೋಳದ ರವದಿ ಎಲ್ಲಿಂದ ಬರಬೇಕು? ಹಾಗೆ ಯೋಚಿಸುತ್ತಿದ್ದಾಗಲೇ ಊರಿದ ಅಂಗೈಯ ನೇರ ಕೆಳಗೆ, ಐಸಿನ ಆ ಬದಿಯಿಂದ, ಬೆರಳ ಗೆಣ್ಣಿನಿಂದ ಬಾಗಿಲು ತಟ್ಟುವ ಹಾಗೆ ತಟ್ಟಿದ್ದು ಕೈಗೆ ತಾಗಿತು.

ಅವರು ಎದ್ದು ಓಡಿದವರು ಕ್ಯಾಂಟೀನಿನ ರೇಡಿಯೇಟರ್ ಪಕ್ಕ ಬಂದ ಮೇಲೆಯೇ ನಿಂತದ್ದು. ಮ್ಯಾನೇಜರು ಹೋಗಿ ನೋಡಿ ಬಂದು, "ಬಣ್ಣ ಕಿತ್ತಿದೆ ಅಷ್ಟೇ" ಎಂದ. ಕೆಲಸ ಬಿಡಬೇಕೆಂದು ಪಾರ್ವತೆವ್ವನಿಗೆ ಅನ್ನಿಸಿತು. ಆದರೆ ಭಾನುವಾರ ಐಲಾ ಒಬ್ಬಳೇ ಆ ಬೆಂಚಿನಲ್ಲಿ ಕೂರುವುದು ನೆನಪಾಗಿ ಬಿಡಲಿಲ್ಲ.

ನವೆಂಬರಿನ ಒಂದು ಭಾನುವಾರ. ಮಧ್ಯಾಹ್ನದ ಆಟ ಮುಗಿಯುವ ಹೊತ್ತಿಗೆ ಮಾಡಿನ ಗಾಜಿನಿಂದ ಬೆಳಕು ಇನ್ನೂ ಬೀಳುತ್ತಿತ್ತು. ಕ್ಯಾಪ್ಟನ್ ಗೇಟಿನ ಪಕ್ಕ ನಿಂತು ಹೆಸರು ಕರೆದ. ಹುಡುಗರು ಒಬ್ಬೊಬ್ಬರೇ ಇಳಿದು ರಬ್ಬರ್ ಹಾಸಿನ ಮೇಲೆ ನಿಂತರು. ಐಲಾ ಬೆಂಚಿನಿಂದ ಎದ್ದಿದ್ದಳು. ಐಸು ಹೆರೆಯಲು ಕಾಯುತ್ತಿದ್ದ ಪಾರ್ವತೆವ್ವ ಅವಳ ಪಕ್ಕದಲ್ಲೇ ಇದ್ದರು.

"ಆರ್ವೊ" ಎಂದ ಕ್ಯಾಪ್ಟನ್.

ದೂರದ ಗೋಲಿನ ಕೆಳಗಿಂದ ಒಂದು ಪೆಟ್ಟು ಕೇಳಿತು. ಆ ಪೆಟ್ಟಿಗೆ ಐಸಿನಲ್ಲಿ ಬಿಳಿ ಗೆರೆಯೊಂದು ಮೂಡಿತು. ಇನ್ನೊಂದು ಪೆಟ್ಟು, ಸ್ವಲ್ಪ ಈಚೆಗೆ. ಗೆರೆ ಬೆಳೆಯಿತು. ಯಾರೋ ಕೆಳಗಿನಿಂದ ತಡಕಾಡುತ್ತಾ, ತಟ್ಟುತ್ತಾ, ದಾರಿ ಹುಡುಕಿಕೊಂಡು ಗೇಟಿನ ಕಡೆಗೆ ಬರುತ್ತಿದ್ದರು. ಹುಡುಗರು ಗೋಡೆಗೆ ಒತ್ತಿಕೊಂಡರು. ಕ್ಯಾಪ್ಟನ್ನನ ಕೈ ಗೇಟಿನ ಮೇಲೆ ಹೋಯಿತು.

"ಮುಚ್ಚಬೇಡ" ಎಂದಳು ಐಲಾ. ಅವಳು ಗೇಟಿನ ಎರಡೂ ಕಂಬ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದಳು. ಮನೆಗೆ ಬಾ ಎಂದಿರಬೇಕು. ಆಗಲೇ ಪಾರ್ವತೆವ್ವನ ಬಾಯಿಂದಲೂ ಒಂದು ಹೆಸರು ಬಂತು. ಇಪ್ಪತ್ತೈದು ವರ್ಷದಿಂದ ಆ ಹೆಸರನ್ನು ಅವರು ಯಾರ ಮುಂದೆ ಹೇಳಿದ್ದರೂ ಕತೆಯಾಗಿ ಹೇಳಿದ್ದರು. ಕೂಗಿ ಕರೆದಿರಲಿಲ್ಲ.

"ದಾನಯ್ಯಾ" ಎಂದರು, "ಬಾರೋ ತಮ್ಮಾ."

ಪೆಟ್ಟು ಗೇಟಿನ ಬುಡಕ್ಕೆ ಬಂದು ನಿಂತಿತು. ಆಮೇಲೆ ಒಂದು ತಣ್ಣನೆ ಗಾಳಿ ಇಬ್ಬರ ನಡುವೆ ಹಾದು ಹೋಯಿತು. ಕೆಸರು, ಪಾಚಿ, ನೆನೆದ ಮರದ ವಾಸನೆ. ಹುಡುಗನೊಬ್ಬ ಕೆಳಗೆ ಬೆರಳು ಮಾಡಿ ತೋರಿಸಿದ. ಒಣಗಿದ್ದ ರಬ್ಬರ್ ಹಾಸಿನ ಮೇಲೆ ಸ್ಕೇಟಿನ ಅಲಗಿನ ಒದ್ದೆ ಗುರುತು ಒಂದೊಂದಾಗಿ ಬೀಳುತ್ತಾ ಹೊರಬಾಗಿಲಿನ ಕಡೆ ಹೋಗುತ್ತಿತ್ತು. ಅದರ ಪಕ್ಕದಲ್ಲಿ ಬರಿಗಾಲಿನ ಹೆಜ್ಜೆಗಳು ಬೀಳುತ್ತಿದ್ದವು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದವಾಗಿದ್ದ ಪಾದ. ಪಾರ್ವತೆವ್ವ ತಮ್ಮ ಕಾಲು ನೋಡಿಕೊಳ್ಳುವ ಅಗತ್ಯವಿರಲಿಲ್ಲ, ಅವರ ತವರಿನವರ ಕಾಲೆಲ್ಲ ಹಾಗೇ.

ಹೆಜ್ಜೆಗಳು ಹೊರಗಿನ ಕಾರ್ ಪಾರ್ಕಿನ ಡಾಂಬರಿನ ಮೇಲೆ ಕಾಣದಾದವು. ತಿರುಗಿ ಬಂದು ನೋಡಿದರೆ ಐಸಿನ ಮೇಲೆ ಬಿರುಕಿರಲಿಲ್ಲ. ಕಪ್ಪು ಕಲೆಯೂ ಇರಲಿಲ್ಲ. ಆ ದಿನದಿಂದ ಸದ್ದು ನಿಂತಿತು.

ಪಾರ್ವತೆವ್ವನವರ ಮನೆ ಆಲ್ಪರ್ಟನ್‌ನಲ್ಲಿ, ಎರಡನೇ ಮಹಡಿಯ ಫ್ಲ್ಯಾಟು. ಸೋಮವಾರ ಬೆಳಿಗ್ಗೆ ಕಾಲೇಜಿಗೆ ಹೊರಟ ಸಾನ್ವಿ ಬಾಗಿಲು ತೆಗೆದವಳೇ ಕೂಗಿಕೊಂಡಳು, "ಹೂ ಸ್ಪಿಲ್ಡ್ ವಾಟರ್ ಹಿಯರ್?" ಬಾಗಿಲಿನ ಹೊರಗೆ ನೀರು ನಿಂತಿತ್ತು. ಮೆಟ್ಟಿಲುಗಳ ಮೇಲೆ ಒದ್ದೆ ಹೆಜ್ಜೆಗಳು ಹತ್ತಿ ಬಂದಿದ್ದವು. ಹೊಸ್ತಿಲ ತನಕ ಬಂದು ಅಲ್ಲೇ ನಿಂತಿದ್ದವು. ಕೆಳಗಿನ ಮನೆಯವರು ಪೈಪು ಸೋರುತ್ತಿದೆಯೆಂದು ಕೌನ್ಸಿಲಿಗೆ ಫೋನು ಮಾಡಿದರು. ಬಂದವನಿಗೆ ಸೋರಿಕೆ ಸಿಗಲಿಲ್ಲ. ಒರೆಸಿದರೆ ಮಾರನೆಯ ಬೆಳಿಗ್ಗೆ ಮತ್ತೆ ನೀರು, ಮತ್ತೆ ಆ ಎರಡು ಪಾದ, ಬೆರಳು ಮನೆಯ ಕಡೆಗೆ ಮಾಡಿ.

ಕಲ್ಲಯ್ಯನವರು ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಈ ಸಲ ಪೈಪಿನ ಮಾತು ತೆಗೆಯಲಿಲ್ಲ.

"ಒಳಗ ಕರೀಲೇನ್ರೀ?" ಎಂದು ಪಾರ್ವತೆವ್ವ ಕೇಳಿದರು.

"ಕರೀಬ್ಯಾಡ ಅನ್ನಾಕ ನನಗ ಬಾಯಿ ಬರವಲ್ದು. ಆದರ ಒಮ್ಮೆ ಕರದಿ ಅಂದ್ರ ಅಂವ ಮತ್ತೆಲ್ಲಿಗೂ ಹೋಗಂಗಿಲ್ಲ. ಮದ್ಲ ಆ ಮುದುಕೀನ ನೋಡ್ಕೊಂಡು ಬಾ."

ಐಲಾ ಎರಡು ವಾರದಿಂದ ರಿಂಕಿಗೆ ಬಂದಿರಲಿಲ್ಲ. ಪಾರ್ವತೆವ್ವ ಟ್ಯೂಬ್ ರೈಲು ಹಿಡಿದು ರಾದರ್‌ಹೈತ್‌ನಲ್ಲಿದ್ದ ಅವಳ ಮನೆಗೆ ಹೋದರು. ಬಾಗಿಲು ತೆಗೆದ ಐಲಾಳ ಮುಖದಲ್ಲಿ ಹುಡುಗಿಯ ಕಳೆ ಇತ್ತು, ಮೈಯಲ್ಲಿ ಮಾಂಸವಿರಲಿಲ್ಲ. ಹೀಟರು ಜೋರಾಗಿ ಉರಿಯುತ್ತಿದ್ದರೂ ಕೋಣೆ ನಡುಗಿಸುವಷ್ಟು ತಣ್ಣಗಿತ್ತು. ಕಿಟಕಿಯ ಗಾಜಿನ ಮೇಲೆ ಒಳಗಡೆಯಿಂದ ನೀರು ಇಳಿಯುತ್ತಿತ್ತು. ಮೇಜಿನ ಮೇಲೆ ಎರಡು ಕಪ್ ಕಾಫಿ. ಒಂದು ಕುಡಿದದ್ದು, ಇನ್ನೊಂದು ತುಂಬಿದ್ದು, ಅದರ ಮೇಲೆ ತೆಳ್ಳಗೆ ಐಸು ಕಟ್ಟಿತ್ತು. ಎದುರಿನ ಕುರ್ಚಿಯ ಬಟ್ಟೆ ತೊಯ್ದು ಕೆಳಗೆ ತೊಟ್ಟಿಕ್ಕುತ್ತಿತ್ತು.

"ಅವನಿಗೆ ಬೆಚ್ಚಗಾಗ್ತಾನೇ ಇಲ್ಲ" ಎಂದಳು ಐಲಾ, ಕೆಮ್ಮುತ್ತಾ. "ನಾನು ಕೈ ಹಿಡಿದುಕೊಂಡು ಕೂರ್ತೀನಿ. ಆಗ ಸ್ವಲ್ಪ ಪರವಾಗಿಲ್ಲ ಅನ್ನಿಸುತ್ತೆ."

ಅವಳ ಬಲಗೈ ಮೊಣಕೈ ತನಕ ನೀಲಿಗಟ್ಟಿತ್ತು.

"ನನ್ನ ಜೋಡಿ ಡಾಕ್ಟರ ಕಡೆ ಬಾ" ಎಂದು ಪಾರ್ವತೆವ್ವ ಬೇಡಿಕೊಂಡರು.

"ನಾನು ನರ್ಸು. ನನಗೆ ಗೊತ್ತು" ಎಂದು ನಕ್ಕಳು ಐಲಾ. "ಅವನು ಅಲ್ಲಿ ಒಬ್ಬನೇ ಅರವತ್ತಾರು ವರ್ಷ ಇದ್ದ, ಪಾರ್ವತಿ. ನನಗೆ ಇನ್ನೆಷ್ಟು ದಿನ ಇದೆ? ನಿನ್ನ ತಮ್ಮನನ್ನ ಒಳಗೆ ಕರೆದೆಯಾ?"

ಪಾರ್ವತೆವ್ವ ನೋಡಿದರೆ ಎದುರಿನ ಕುರ್ಚಿಯಲ್ಲಿ ಅವರ ಕಣ್ಣಿಗೆ ಯಾರೂ ಕಾಣಲಿಲ್ಲ. ಆದರೆ ಐಲಾ ಎದ್ದು ಅಡುಗೆಮನೆಗೆ ಹೋದಾಗ, ಆ ಕುರ್ಚಿಯ ಒದ್ದೆ ದಿಂಬು ಭಾರ ಕಡಿಮೆಯಾದ ಹಾಗೆ ನಿಧಾನವಾಗಿ ಮೇಲೆ ಉಬ್ಬಿತು. ನೆಲದ ಮೇಲೆ ಅಲಗಿನ ಗುರುತು ಅವಳ ಹಿಂದೆಯೇ ಹೊರಟಿತು. ಪಾರ್ವತೆವ್ವ ಅಳುತ್ತಾ ಮನೆಗೆ ಬಂದರು.

ಆ ಶನಿವಾರ ಕಲ್ಲಯ್ಯನವರು ಫ್ಯಾಕ್ಟರಿಗೆ ರಜೆ ಹಾಕಿದರು. ಕೌನ್ಸಿಲಿನವರಿಂದ ಬಾಡಿಗೆಗೆ ಪಡೆದು ಮೆಂತ್ಯ, ಹಕ್ಕರಕಿ ಸೊಪ್ಪು ಬೆಳೆಯುತ್ತಿದ್ದ ಒಂದು ತುಂಡು ನೆಲ ಅವರಿಗಿತ್ತು. ಹಿಂದಿನ ದಿನವೇ ಹೋಗಿ ಅಲ್ಲಿ ಸೊಂಟದಾಳದ ಗುಂಡಿ ತೋಡಿ ಬಂದಿದ್ದರು. ವೆಂಬ್ಲಿಯ ಅಂಗಡಿಯಿಂದ ಬಿಲ್ವಪತ್ರಿ ತಂದರು, ಮನೆಯಲ್ಲಿ ವಿಭೂತಿ ಇತ್ತು. ಬೆಳಿಗ್ಗೆ ಸ್ನಾನ ಮಾಡಿ ಹೊಸ ಧೋತರವೊಂದನ್ನು ಬಿಚ್ಚಿ ಪಾರ್ವತೆವ್ವನ ಕೈಗೆ ಕೊಟ್ಟರು.

ಪಾರ್ವತೆವ್ವ ಬಾಗಿಲು ತೆಗೆದು ಹೊಸ್ತಿಲ ಒಳಗೇ ಕೂತರು. ಎದುರಿಗೆ ಆ ಎರಡು ಪಾದದ ನೀರು.

"ದಾನಯ್ಯಾ" ಎಂದರು. "ಚೌಕಟ್ಟು ಬಂತೋ ತಮ್ಮಾ. ತೇಲಿಕೊಂಡು ಬಂತು. ಹೊಸಾ ಮನಿಗೆ ಅದನ್ನ ಕೂಡಿಸ್ಯಾರ, ಅಪ್ಪ ಅದರ ಕೆಳಗ ಕುಂತ ಕಣ್ಣ ಮುಚ್ಚಿದಾ. ನೀ ಇನ್ನ ಅದನ್ನ ಹುಡಕಬ್ಯಾಡ. ನಿಮ್ಮ ಮಾಮಾ ನಿನಗ ಮಣ್ಣ ಕೊಡಾಕ ನಿಂತಾರ. ನಡಿ, ಹೋಗೂಣು."

ಧೋತರದಿಂದ ಆ ನೀರನ್ನೆಲ್ಲ ಒತ್ತಿ ಒತ್ತಿ ಒರೆಸಿದರು. ಹೊಸ್ತಿಲಿನಿಂದ ಶುರುಮಾಡಿ ಮೆಟ್ಟಿಲಿಳಿಯುತ್ತಾ ಒಂದೊಂದು ಹೆಜ್ಜೆಯನ್ನೂ ಒರೆಸಿ ಬಟ್ಟೆಯನ್ನು ಗಂಟು ಕಟ್ಟಿದರು. ಒದ್ದೆ ಧೋತರ ಎಷ್ಟು ತೂಗೀತು? ಗಂಟನ್ನು ಎತ್ತಿಕೊಂಡ ಕಲ್ಲಯ್ಯನವರ ಮೊಣಕಾಲು ಬಗ್ಗಿತು. ಹೆಗಲ ಮೇಲೆ ಹಾಕಿಕೊಂಡರೂ ಹತ್ತು ಮಾರು ನಡೆಯಲಾಗಲಿಲ್ಲ. ಸಾನ್ವಿ ಓಡಿಬಂದು ಇನ್ನೊಂದು ತುದಿ ಹಿಡಿದಳು. ಆಳೊಬ್ಬನನ್ನು ಹೊತ್ತ ಹಾಗೆ ಮೂವರೂ ಸರದಿಯ ಮೇಲೆ ಹೊತ್ತುಕೊಂಡು ಆಲ್ಪರ್ಟನ್ನಿನ ಬೀದಿಯಲ್ಲಿ ನಡೆದರು. ಶನಿವಾರದ ಸಂತೆಗೆ ಹೊರಟಿದ್ದ ಜನ ಲಾಂಡ್ರಿಯ ಗಂಟೆಂದುಕೊಂಡು ದಾರಿ ಬಿಟ್ಟರು.

ಕಲ್ಲಯ್ಯನವರು ಗಂಟನ್ನು ಗುಂಡಿಯಲ್ಲಿ ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಏರಿಸಿ, ತಮ್ಮ ತಂದೆ ಹೇಳುತ್ತಿದ್ದ ಮಂತ್ರಗಳನ್ನು ನೆನಪಿದ್ದಷ್ಟು ಹೇಳಿದರು. ಮೊದಲ ಹಿಡಿ ಮಣ್ಣು ಪಾರ್ವತೆವ್ವ ಹಾಕಿದರು. ಮೂರನೇ ಹಿಡಿ ಸಾನ್ವಿ ಹಾಕುವಾಗ ಗುಂಡಿಯೊಳಗಿಂದ ಗುಳುಗುಳು ಎಂದು ಒಂದು ಗಾಳಿಗುಳ್ಳೆ ಒಡೆದ ಸದ್ದು ಬಂತು. ಉಸಿರು ಬಿಟ್ಟ ಹಾಗೆ. ಆಮೇಲೆ ಗಂಟು ಸಡಿಲವಾಗಿ ಬಟ್ಟೆಯಂತೆ ಕುಸಿಯಿತು. ಮರುದಿನ ಬೆಳಿಗ್ಗೆ ಬಾಗಿಲ ಹೊರಗೆ ನೆಲ ಒಣಗಿತ್ತು.

ಇದನ್ನೆಲ್ಲ ಪಾರ್ವತೆವ್ವ ತಮ್ಮ ಮನೆಯಲ್ಲಿ ಕೂತು ನನಗೆ ಹೇಳಿದರು. ನಿವೃತ್ತಳಾದರೂ ನಾನು ಜಿಪಿ, ಅಂದರೆ ಇಲ್ಲಿನ ಕುಟುಂಬ ವೈದ್ಯೆ. ದುಃಖ ಮನುಷ್ಯರಿಗೆ ಏನೆಲ್ಲ ಕಾಣಿಸುತ್ತದೆಂದು ಎಷ್ಟೋ ರೋಗಿಗಳ ಬಾಯಿಂದ ಕೇಳಿದವಳು. ಹೊರಡುವಾಗ ಸಾನ್ವಿಯನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವಳು ನನ್ನ ಮುಖ ನೋಡದೆ ಹೇಳಿದಳು, "ಆಂಟಿ, ಐ ಕ್ಯಾರೀಡ್ ಹಿಮ್."

ಐಲಾ ಫೆಬ್ರವರಿಯಲ್ಲಿ ತೀರಿಕೊಂಡಳು. ನ್ಯುಮೋನಿಯಾ ಎಂದರು. ಕುರ್ಚಿಯಲ್ಲಿ ಕೂತ ಹಾಗೇ ಇದ್ದಳಂತೆ, ಬಲಗೈ ಮುಂದಕ್ಕೆ ಚಾಚಿ, ಬೆರಳುಗಳು ಏ‌ನನ್ನೋ ಹಿಡಿದ ಹಾಗೆ ಮಡಚಿಕೊಂಡು. ಬೆರಳು ಬಿಡಿಸಲು ಕಷ್ಟವಾಯಿತಂತೆ. ರಾದರ್‌ಹೈತ್‌ನ ಫಿನ್ನಿಶ್ ಚರ್ಚಿನಲ್ಲಿ ಪ್ರಾರ್ಥನೆಯಾಯಿತು. ತಂಡದ ಹುಡುಗರೆಲ್ಲ ಕಪ್ಪು ಬಿಳಿ ಅಂಗಿಯಲ್ಲಿ ಬಂದಿದ್ದರು. ಪಾರ್ವತೆವ್ವ ಶವಪೆಟ್ಟಿಗೆಯ ಪಕ್ಕ ನಿಂತು ನೆಲ ನೋಡಿದರು. ಕಲ್ಲಿನ ನೆಲ ಒಣಗಿತ್ತು. ಆರ್ವೊ ಎಲ್ಲಿಗೆ ಹೋದನೋ ಅವರಿಗೆ ಗೊತ್ತಾಗಲಿಲ್ಲ, ಅಕ್ಕಪಕ್ಕದಲ್ಲಿ ಕೇಳುವ ಧೈರ್ಯವೂ ಬರಲಿಲ್ಲ.

ಚರ್ಚಿನ ಹೊರಗೆ ಕ್ಯಾಪ್ಟನ್ ಅವರ ಬಳಿ ಬಂದು ತಗ್ಗಿದ ದನಿಯಲ್ಲಿ ಕೇಳಿದ, "ಇನ್ನು ಮುಂದೆ ಕೊನೆಯ ಹೆಸರು ಕರೆಯಬೇಕಾ?"

"ಕರೀಬ್ಯಾಡ್ರಿ" ಎಂದರು ಪಾರ್ವತೆವ್ವ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು, "ಅವನು ಇಳಿದಾಯ್ತು."

ಕಳೆದ ತಿಂಗಳು ಒಂದು ಭಾನುವಾರ ನಾನೇ ಹೋಗಿ ಆಟ ನೋಡಿದೆ. ಕುಯಿಕ್ಕಾ ಸೋತಿತು. ಕ್ಯಾಪ್ಟನ್ ಹೆಸರು ಕರೆದ, ಒಬ್ಬೊಬ್ಬರೇ ಇಳಿದರು. ಗೋಲ್‌ಕೀಪರ್ ಕೊನೆಯವನು, ದಪ್ಪ ಪ್ಯಾಡುಗಳಲ್ಲಿ ತೂಗಾಡುತ್ತಾ ಬಂದ. ಅವನು ಇಳಿದ ಮೇಲೂ ಯಾರೂ ಅಲ್ಲಾಡಲಿಲ್ಲ. ಎಲ್ಲರೂ ಖಾಲಿ ಐಸನ್ನೇ ನೋಡುತ್ತಾ ನಿಂತಿದ್ದರು. ಕ್ಯಾಪ್ಟನ್ನನ ಬಾಯಿ ತಾನಾಗಿ ತೆರೆದು, ಹಾಗೇ ಮುಚ್ಚಿಕೊಂಡಿತು. ಗೇಟು ಎಳೆದ. ಅತ್ತ ಕಡೆಯ ದೊಡ್ಡ ಬಾಗಿಲಿನಿಂದ ಪಾರ್ವತೆವ್ವ ಮಷೀನು ಹತ್ತಿ ಬಂದರು, ನನ್ನನ್ನು ಕಂಡು ಕೈಬೀಸಿದರು, ಬಿಸಿನೀರಿನ ನಲ್ಲಿ ತಿರುಗಿಸಿದರು.